ಕ್ವಾರಿ ಗುಂಡಿಗೂ ಒಂದು ಯೋಜನೆ ಬೇಕು



ಈ ಪ್ರದರ್ಶನದ ಟೇಪು ಕತ್ತರಿಸುವ ಮೊದಲೇ ನಾನು ಒಳಗೆ ಹೋಗಿ ನೋಡಿ ಬಂದೆ. ಕಾಡಿನ ಫೋಟೊಗಳು ಬಹಳ ಚೆನ್ನಾಗಿವೆ. ಆದರೆ ನಾನು ಹೆಚ್ಚು ಹೊತ್ತು ನಿಂತದ್ದು ಯಳಂದೂರು ಕಡೆಯ ಮಕ್ಕಳು ಬರೆದ ಒಂದು ನಕ್ಷೆಯ ಮುಂದೆ. ಊರು, ಕೆರೆ, ಮಾರಮ್ಮನ ಗುಡಿ, ಅದರಾಚೆ ಕೆಲಸ ನಿಂತುಹೋದ ಕರಿಕಲ್ಲು ಕ್ವಾರಿ. ಗುಂಡಿಯ ನೀರಿಗೆ ನೀಲಿ ಬಳಿದು ಒಂದು ದಡದಲ್ಲಿ ‘ಚಿರತೆ ನೀರು ಕುಡಿಯುವ ಜಾಗ’ ಎಂದು ಬರೆದಿದ್ದಾರೆ. ಎದುರು ದಡದಲ್ಲಿ ‘ಮೇಕೆ ಬಿದ್ದು ಸತ್ತ ಜಾಗ’. ಒಂದು ಕಡೆ ಲಾರಿ ಇಳಿಯಲು ಮಾಡಿದ್ದ ದಾರಿ ಹಾಗೇ ಉಳಿದಿದೆ, ಇನ್ನೊಂದು ಕಡೆ ಕಲ್ಲು ಗೋಡೆಯಂತೆ ನೆಟ್ಟಗೆ ನಿಂತಿದೆ. ಆ ಗುಂಡಿಗೆ ಇಳಿದದ್ದು ಬದುಕಿ ಮೇಲೆ ಬರುತ್ತದೋ ಇಲ್ಲವೋ ಎಂಬುದು ಆ ದಾರಿಯ ಮೇಲೆ ನಿಂತಿದೆ.

ನಮ್ಮ ಕರಿಕಲ್ಲು ಭೂಮಿಯ ಆಳದಿಂದ ಉಕ್ಕಿ, ಹಳೆಯ ಬಂಡೆಗಳ ಬಿರುಕಿನಲ್ಲಿ ಗಟ್ಟಿಯಾದ ಡೋಲೆರೈಟ್. ಬಿರುಕು ಹೋದ ದಾರಿಯಲ್ಲೇ ಕಲ್ಲೂ ಹೋಗಿದೆ. ಹಾಗಾಗಿ ನಮ್ಮ ಕ್ವಾರಿಗಳು ಅಗಲ ಕಡಿಮೆ, ಉದ್ದ ಹೆಚ್ಚು, ಆಳ ಬಹಳ. ಹೊರದೇಶಗಳ ಸಮಾಧಿಗಳ ಮೇಲೆ ಹೊಳೆಯುವ ಕಲ್ಲು ಹೋದ ಮೇಲೆ ನಮಗೆ ಉಳಿದದ್ದು ಈ ಕಂದಕಗಳು, ಪಕ್ಕದಲ್ಲಿ ಬೇಡವೆಂದು ಬಿಟ್ಟ ದಿಮ್ಮಿಗಳ ರಾಶಿ.

ಆ ರಾಶಿಯನ್ನು ಹತ್ತಿರದಿಂದ ನೋಡಿ. ಡ್ರಿಲ್ ಇಳಿದ ಅರ್ಧ ತೂತುಗಳ ಸಾಲು ಕಲ್ಲಿನ ಮೈಮೇಲೆ ಇನ್ನೂ ಇದೆ. ಕ್ವಾರಿ ಗೋಡೆಯ ಚಾಚಿನ ಅಡಿಯಲ್ಲಿ ಅಂಬರಗುಬ್ಬಿಗಳು ಮಣ್ಣಿನ ಬಟ್ಟಲು ಕಟ್ಟಿರುತ್ತವೆ. ದಿಮ್ಮಿಗಳ ಸಂದಿನಲ್ಲಿ ಉಡ, ಮುಂಗುಸಿ, ಒಮ್ಮೊಮ್ಮೆ ಕೊಂಬಿನ ಗೂಬೆ. ಬಂಡೆಗುಡ್ಡಗಳಲ್ಲಿ ಬಾಳುವ ಜೀವಿಗಳಿಗೆ ಬೇಕಾದ ಸಂದಿಗೊಂದಿಗಳು ಇಲ್ಲಿವೆ. ‘ಗುಂಡಿ ಮುಚ್ಚಿ, ಮೇಲೆ ಅಕೇಶಿಯ ನೆಟ್ಟುಬಿಡಿ’ ಎಂದು ಹೇಳುವವರಿಗೆ ನನ್ನ ಒಪ್ಪಿಗೆ ಇಲ್ಲ. ಮುಚ್ಚಬೇಕಾದ ಗುಂಡಿಗಳಿವೆ, ನಿಜ. ಆದರೆ ಎಲ್ಲದಕ್ಕೂ ಒಂದೇ ಆದೇಶ ಹೊರಡಿಸಿದರೆ ಉಳಿದಿರುವ ನೆಲೆಯನ್ನೂ ಕಳೆದುಕೊಳ್ಳುತ್ತೇವೆ. ಊರ ಕಸವನ್ನೆಲ್ಲ ತಂದು ಸುರಿಯುವುದಂತೂ ಇನ್ನೂ ಕೆಟ್ಟದ್ದು.

ಇಲ್ಲಿ ಸೇರಿರುವ ಪಂಚಾಯಿತಿಗಳ ಮೂರು ತಾಲ್ಲೂಕುಗಳು ಎಲ್ಲಿವೆ ಎಂಬುದನ್ನು ನೆನೆಯಿರಿ. ಒಂದು ಕಡೆ ಬಿಳಿಗಿರಿರಂಗನ ಬೆಟ್ಟ: 1974ರಲ್ಲಿ ವನ್ಯಧಾಮ, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶ. ಇನ್ನೊಂದು ಕಡೆ 1987ರ ಕಾವೇರಿ ವನ್ಯಧಾಮ, 2013ರಲ್ಲಿ ಘೋಷಣೆಯಾದ ಮಲೆ ಮಹದೇಶ್ವರ ವನ್ಯಧಾಮ. ಆನೆ, ಹುಲಿಗಳಿಗೆ ಈ ಗಡಿಗಳು ಗೊತ್ತಿಲ್ಲ. ಬಿಳಿಗಿರಿ ಕಾಡಿನಿಂದ ಮಲೆ ಮಹದೇಶ್ವರನ ಕಾಡಿಗೆ ಅವು ದಾಟುವ ಎಡೆಯಾರಳ್ಳಿ–ದೊಡ್ಡಸಂಪಿಗೆ ದಾರಿ ಬಹಳ ಕಿರಿದು. ಅದನ್ನು ಉಳಿಸಲೆಂದೇ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಸುಮಾರು 25 ಎಕರೆ ಜಮೀನು ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿತು. ಇಷ್ಟು ದೊಡ್ಡ ಕಾಡುಗಳ ನಡುವೆ 25 ಎಕರೆಗೆ ಅಷ್ಟು ಬೆಲೆ ಇರುವಾಗ, ಕಾಡಂಚಿನ ಒಂದೊಂದು ಗುಂಡಿಯ ಬಗ್ಗೆಯೂ ನಾವು ತಲೆ ಕೆಡಿಸಿಕೊಳ್ಳಲೇಬೇಕು.

ಯೋಜನೆ ಯಾರು ಮಾಡಬೇಕು? ಪಂಚಾಯಿತಿ ಮಾಡಬೇಕು. 2002ರ ಜೀವವೈವಿಧ್ಯ ಕಾಯ್ದೆ ಪ್ರತಿ ಗ್ರಾಮ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ಕೊಟ್ಟಿದೆ. ಊರಿನ ಜೀವಸಂಪತ್ತನ್ನು ಜನರಿಂದಲೇ ಕೇಳಿ ಬರೆದಿಡುವುದು ಅದರ ಕೆಲಸ. ಹೀಗೆ ಬರೆಯುವುದು ಹೇಗೆಂದು ತಿಳಿಯಲು ದೂರ ಹೋಗಬೇಕಿಲ್ಲ. ಬಿಳಿಗಿರಿ ಬೆಟ್ಟದ ಸೋಲಿಗ ಹಿರಿಯರು ಏಟ್ರೀ ಸಂಸ್ಥೆಯ ಸಂಶೋಧಕರ ಜೊತೆ ಕಾಡು ಸುತ್ತಿ, ತಮ್ಮ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪೂಜಾಸ್ಥಳಗಳನ್ನೆಲ್ಲ ನಕ್ಷೆಗೆ ತಂದರು. 2011ರಲ್ಲಿ ಅಲ್ಲಿನ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕೂ ಸಿಕ್ಕಿತು. ಕಾಡಿಗೆ ಆದದ್ದು ಕ್ವಾರಿಗೂ ಆಗಲಿ. ಸರ್ವೆ ನಂಬರು ಯಾವುದು, ನೀರು ಯಾವ ತಿಂಗಳವರೆಗೆ ನಿಲ್ಲುತ್ತದೆ, ಯಾವ ಪ್ರಾಣಿ ಯಾವ ಕಡೆಯಿಂದ ಬರುತ್ತದೆ, ಯಾರ ದನಗಳು ಮೇಯುತ್ತವೆ, ಇದೆಲ್ಲ ಬರೆಯಿರಿ. ಆಮೇಲೆ ಯಾವ ದಡ ಇಳಿಜಾರು ಮಾಡಬೇಕು, ಎಲ್ಲಿ ದಿಮ್ಮಿಗಳನ್ನೇ ಜೋಡಿಸಿ ತಡೆ ಕಟ್ಟಬೇಕು ಎಂದು ತೀರ್ಮಾನಿಸಿ. ಆ ಕೆಲಸ ಬಲ್ಲವರು ನಮ್ಮಲ್ಲೇ ಇದ್ದಾರೆ. ಹನೂರು ಕಡೆಯಿಂದ ಕಲ್ಲು ಒಡೆಯಲು ಹೊರರಾಜ್ಯಕ್ಕೆ ಗುಳೆ ಹೋಗುವ ಅಣ್ಣತಮ್ಮಂದಿರ ಕೈಗೆ ಬಂಡೆಯ ಎಳೆ ಗೊತ್ತು. ಅವರಿಗೆ ಊರಲ್ಲೇ ಈ ಕೂಲಿ ಸಿಗಲಿ. ಹಣವಿಲ್ಲ ಎನ್ನಬೇಡಿ. ಗಣಿ ಮತ್ತು ಖನಿಜ ಕಾಯ್ದೆಯ 2015ರ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನ ಬಂದಿರುವುದೇ ಗಣಿಯಿಂದ ನೊಂದ ಜಾಗ ಮತ್ತು ಜನರಿಗಾಗಿ.

ದನ ಯಾರವು ಎಂದು ಬರೆಯಿರಿ ಎಂದೆನಲ್ಲ, ಅದಕ್ಕೆ ಕಾರಣವಿದೆ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ತಾಯಿ ಹುಲಿ ಮತ್ತು ನಾಲ್ಕು ಮರಿಗಳು ವಿಷಕ್ಕೆ ಬಲಿಯಾದವು. ಹುಲಿ ಹಿಡಿದ ಹಸುವಿನ ಮೈಗೆ ವಿಷ ಹಾಕಲಾಗಿತ್ತು. ಆ ಸುದ್ದಿ ಓದಿ ನನಗೆ ಊಟ ಸೇರಲಿಲ್ಲ. ಹಸು ಕಳೆದುಕೊಂಡವನ ಸಂಕಟ ಕೇಳದೆ, ಪರಿಹಾರ ಬೇಗ ಕೈಸೇರದೆ, ಹುಲಿ ಉಳಿಯುವ ಯೋಜನೆ ಯಾವ ಕಾಗದದಲ್ಲೂ ನಿಲ್ಲುವುದಿಲ್ಲ. ಗುಂಡಿಯ ನೀರಿಗೆ ಚಿರತೆಯೂ ಬರುತ್ತದೆ, ದನವೂ ಬರುತ್ತದೆ. ಹೊತ್ತು ಇಳಿಯುವ ಮೊದಲು ದನ ಹಿಂದಿರುಗಬೇಕಾದರೆ ಹಗಲಿನಲ್ಲೇ ನೀರು ಸಿಗುವ ತೊಟ್ಟಿ ಊರೊಳಗೆ ಬೇಕು. ಅದೂ ಯೋಜನೆಯ ಭಾಗವೇ.

ಪ್ರದರ್ಶನ ಈಗ ತೆರೆದಿದೆ. ಕೊನೆಯ ಮೇಜಿನ ಮೇಲೆ ಗೆರೆ ಹಾಕಿದ ಖಾಲಿ ಪುಸ್ತಕ ಇಟ್ಟಿದ್ದಾರೆ. ನಿಮ್ಮೂರಿನ ಕ್ವಾರಿ ನಕ್ಷೆಯಲ್ಲಿ ಇಲ್ಲದಿದ್ದರೆ ಅದರ ಗುರುತು ಬರೆದೇ ಹೊರಗೆ ಬನ್ನಿ. ಮುಂದಿನ ಗ್ರಾಮಸಭೆಗೆ ಆ ಪುಸ್ತಕವನ್ನು ಒಯ್ಯುವುದಾಗಿ ಪಂಚಾಯಿತಿಯವರು ನನಗೆ ಮಾತು ಕೊಟ್ಟಿದ್ದಾರೆ.