ಹಸಿ ಹಾಲಿನ ಹಂಬಲ, ಕೊಟ್ಟಿಗೆಯ ಜ್ವರ



ಸೋಡರ್‌ಟೆಲ್ಯೆ ಪುರಸಭೆಯ ವ್ಯಾಪ್ತಿಯಲ್ಲೇ ಇರುವ ಯೆರ್ನಾ, ರುಡಾಲ್ಫ್ ಸ್ಟೈನರ್‌ನ ಚಿಂತನೆಯನ್ನು ಅನುಸರಿಸುವ ಕೃಷಿಗೆ ಹೆಸರಾದ ಊರು. ಬೇಸಿಗೆಯಲ್ಲಿ ಅಲ್ಲಿ ಹಸುಗಳು ಮೇಯುವುದನ್ನು ಕಂಡಾಗ ನಮ್ಮವರಿಗೆ ಹಸಿ ಹಾಲಿನ ಹಂಬಲ ಹುಟ್ಟುತ್ತದೆ. ಅಜ್ಜಿಯ ಮನೆ ನೆನಪಾಗುತ್ತದೆ. ಆದರೆ ನಮ್ಮ ಅಜ್ಜಿಯರು ಒಲೆಯ ಮುಂದೆ ನಿತ್ಯ ಮಾಡಿದ್ದು ಹಾಲು ಕಾಯಿಸುವ ಕೆಲಸವನ್ನು. ನೊರೆಹಾಲಿನ ವೈಭವ ಬಹುಪಾಲು ನಾವು ಆಮೇಲೆ ಕಟ್ಟಿಕೊಂಡದ್ದು.

ಇ. ಕೋಲೈ ಬ್ಯಾಕ್ಟೀರಿಯಾದ ಒ157 ಎಂಬ ವಿಷಕಾರಿ ತಳಿ ಹಸುವಿನ ಕರುಳಿನಲ್ಲಿ, ಹಸುವಿಗೆ ಯಾವ ಬಾಧೆಯನ್ನೂ ಕೊಡದೆ ಬದುಕುತ್ತದೆ. ಆದ್ದರಿಂದ ಹಸುವಿನ ಆರೋಗ್ಯ ಹಾಲಿನ ಶುದ್ಧತೆಗೆ ಪ್ರಮಾಣವಾಗಲಾರದು. ಕೆಚ್ಚಲಿಗೆ ಮೆತ್ತಿದ ಸಗಣಿಯ ಕಣವೊಂದು ಸಾಕು. ಚಿಕ್ಕ ಮಕ್ಕಳಲ್ಲಿ ಮೂತ್ರಪಿಂಡಗಳೇ ಸೋಲಬಹುದು. 2005ರಲ್ಲಿ ಸ್ವೀಡನ್ನಿನ ಪಶ್ಚಿಮ ಕರಾವಳಿಯಲ್ಲಿ 135 ಜನ ಇದಕ್ಕೆ ತುತ್ತಾದಾಗ ಸೋಂಕು ಬಂದದ್ದು ಹಾಲಿನಿಂದಲ್ಲ, ಲೆಟ್ಯೂಸ್ ಸೊಪ್ಪಿನಿಂದ. ಆ ಸೊಪ್ಪಿಗೆ ಹಾಯಿಸಿದ್ದ ತೊರೆಯ ನೀರಿನ ಮೇಲ್ಭಾಗದಲ್ಲಿ ದನಗಳಿದ್ದವು. ಕೊಟ್ಟಿಗೆಗೆ ಬೇಲಿ ಹಾಕಬಹುದು, ಹರಿಯುವ ನೀರಿಗೆ ಹೇಗೆ ಹಾಕುವುದು?

72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸುವ ಪಾಶ್ಚರೀಕರಣ ಕುಡಿಯುವವರನ್ನು ಕಾಪಾಡುತ್ತದೆ. ಕರೆಯುವವರನ್ನು ಕಾಪಾಡುವುದಿಲ್ಲ. ನನ್ನ ನಿಜವಾದ ಆತಂಕ ಇರುವುದು ಇಲ್ಲಿ.

ಕರ್ನಾಟಕದಲ್ಲಿ ಕಂದು ರೋಗ ಎನ್ನುವ ಬ್ರೂಸೆಲ್ಲೋಸಿಸ್ ಹಸುವಿಗೆ ಗರ್ಭಪಾತ ತರುತ್ತದೆ. ಕರು ಹಾಕಿಸುವ, ಬರಿಗೈಯಲ್ಲಿ ಮಾಸು ತೆಗೆಯುವ ಮನುಷ್ಯರಿಗೆ ಬಂದು ಹೋಗುವ ಜ್ವರ, ಕೀಲುನೋವು ತರುತ್ತದೆ. ಟೈಫಾಯ್ಡ್ ಎಂದೋ ದುಡಿಮೆಯ ದಣಿವೆಂದೋ ಅದು ತಿಂಗಳುಗಟ್ಟಲೆ ಮರೆಯಲ್ಲಿ ಉಳಿಯುತ್ತದೆ. ನಮ್ಮಲ್ಲಿ ಕೊಟ್ಟಿಗೆಯ ಕೆಲಸ ಬಹುಮಟ್ಟಿಗೆ ಹೆಂಗಸರದು. ಅವರ ದಣಿವನ್ನು ಯಾರೂ ರೋಗವೆಂದು ಬಗೆಯುವುದೂ ಇಲ್ಲ.

ಸ್ವೀಡನ್ನಿನ ದನಗಳಲ್ಲಿ ಈ ರೋಗ ಕಡೆಯದಾಗಿ ಕಂಡದ್ದು 1957ರಲ್ಲಿ. ಸೋಂಕಿತ ಪಶುಗಳನ್ನು ಪರೀಕ್ಷಿಸಿ ಬೇರ್ಪಡಿಸಿ ಕೊಲ್ಲುವ ಆ ಕ್ರಮ, 2020ರ ಗೋಹತ್ಯಾ ನಿಷೇಧ ಕಾಯ್ದೆಯ ಕರ್ನಾಟಕದಲ್ಲಿ ಸುಲಭವಲ್ಲ. ಗೋವಿನ ಹೆಸರಿನಲ್ಲಿ ಇಷ್ಟೊಂದು ಮಾತನಾಡುವವರು ಗೋವನ್ನು ಸಾಕುವವಳ ಜ್ವರದ ಬಗ್ಗೆ ಮೌನವಾಗಿರುವುದು ನನಗೆ ಅರ್ಥವಾಗುವುದಿಲ್ಲ. ಉಳಿದ ದಾರಿ ಲಸಿಕೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಜೀವಕೆಗೆ ಒಮ್ಮೆ ಅದನ್ನು ಹಾಕಲಾಗುತ್ತದೆ. ಹಳ್ಳಿಯ ಹಾಲು ಸಂಘಗಳು ಇದರ ಜೊತೆಗೆ ಕೈಗವಸು ಹಂಚಲಿ, ಹಾಲಿನ ಕೊಬ್ಬು ಅಳೆಯುವಷ್ಟೇ ಶ್ರದ್ಧೆಯಿಂದ ಸದಸ್ಯೆಯರ ರಕ್ತಪರೀಕ್ಷೆ ಮಾಡಿಸಲಿ. ಇಲ್ಲಿಂದ ಊರಿನ ಸಂಘಗಳಿಗೆ ಹಣ ಕಳಿಸುವವರು ಈ ಬಾರಿ ಅದನ್ನೇ ಕೇಳಿ ಕಳಿಸಬಹುದು.