ದೊಡ್ಡ ಕರುಳಿನ ರೋಗಗಳು: ನಾಚಿಕೆ ಬಿಟ್ಟು ಆಡಬೇಕಾದ ಮಾತು

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

ಅನುಭಾವದ ಮಾತು ಕೇಳಲು ಬಂದ ನಿಮ್ಮ ಮುಂದೆ ನಾನು ಕರುಳು, ಮಲ, ರಕ್ತ ಎಂದು ಮಾತಾಡಲು ನಿಂತಿದ್ದೇನೆ. ವಿಷಯ ತಿಳಿಸಿದಾಗ ಸಂಘಟಕರೊಬ್ಬರು, ‘ಡಾಕ್ಟರೇ, ಪ್ರಸಾದಕ್ಕೆ ಮುಂಚೆ ಇದು ಬೇಕೇ?’ ಎಂದು ನಕ್ಕರು. ನಾನು ಪೂಜ್ಯರನ್ನೇ ಕೇಳಿದೆ. ‘ಹೊಟ್ಟೆಗೆ ಹಾಕುವ ಮಾತು ದಿನಾ ಆಡುತ್ತೇವೆ. ಹೊಟ್ಟೆಯಿಂದ ಹೋಗುವ ಮಾತು ಒಂದು ದಿನ ಆಡಿದರೆ ತಪ್ಪೇನು?’ ಎಂದರು. ಆ ಅಪ್ಪಣೆಯಂತೆ ಆಡುತ್ತಿದ್ದೇನೆ.

ದೊಡ್ಡ ಕರುಳು ಸುಮಾರು ೫ ಅಡಿ ಉದ್ದದ ಕೊಳವೆ. ಹೊಟ್ಟೆಯ ಬಲಭಾಗದಲ್ಲಿ ಕೆಳಗೆ ಶುರುವಾಗಿ, ಮೇಲೇರಿ, ಅಡ್ಡ ಹಾಯ್ದು, ಎಡಕ್ಕೆ ಇಳಿದು ಗುದದ್ವಾರದಲ್ಲಿ ಮುಗಿಯುತ್ತದೆ. ಸಣ್ಣ ಕರುಳಿನಿಂದ ದಿನಕ್ಕೆ ಒಂದು, ಒಂದೂವರೆ ಲೀಟರಿನಷ್ಟು ತೆಳುವಾದ ದ್ರವ ಇದರೊಳಗೆ ಬರುತ್ತದೆ. ಅದರ ನೀರು, ಲವಣ ಹೀರಿಕೊಂಡು ಉಳಿದದ್ದನ್ನು ಗಟ್ಟಿ ಮಾಡಿ ಕಳಿಸುವುದು ಇದರ ಕಾಯಕ. ಇದರೊಳಗೆ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳಿವೆ. ನಮಗೆ ಜೀರ್ಣವಾಗದ ನಾರನ್ನು ಅವು ತಿಂದು, ಕರುಳಿನ ಒಳಪೊರೆಗೆ ಬೇಕಾದ ಆಹಾರ ತಯಾರಿಸಿ ಕೊಡುತ್ತವೆ. ನಾರು ತಿನ್ನದವನು ಅವುಗಳನ್ನು ಉಪವಾಸ ಕೆಡವುತ್ತಾನೆ.

ಮೊದಲ ತೊಂದರೆ ಮಲಬದ್ಧತೆ. ನಾರು ಕಡಿಮೆ, ನೀರು ಕಡಿಮೆ, ನಡಿಗೆ ಕಡಿಮೆ, ಇವು ಗೊತ್ತಿರುವ ಕಾರಣಗಳು. ಥೈರಾಯ್ಡ್ ತೊಂದರೆಯಿಂದ, ಕೆಲವು ಗುಳಿಗೆಗಳಿಂದಲೂ ಬರುತ್ತದೆ. ಆದರೆ ನಮ್ಮ ಹಳ್ಳಿಗಳಲ್ಲಿ ಇನ್ನೊಂದು ಕಾರಣವಿದೆ. ಮನೆಯಲ್ಲಿ ಸಂಡಾಸವಿಲ್ಲದ ತಾಯಂದಿರು ಕತ್ತಲಾಗುವವರೆಗೆ ತಡೆದುಕೊಳ್ಳುತ್ತಾರೆ. ಹೋಗಬೇಕಾದೀತೆಂದು ನೀರನ್ನೇ ಕುಡಿಯುವುದಿಲ್ಲ. ತಡೆದಷ್ಟೂ ನೀರು ಹೀರಿಹೋಗಿ ಮಲ ಕಲ್ಲಾಗುತ್ತದೆ. ಮುಕ್ಕುವುದರಿಂದ ಮೂಲವ್ಯಾಧಿ, ಗುದದಲ್ಲಿ ಸೀಳು. ಇದು ಆ ತಾಯಿಯ ದೇಹದ ದೋಷವಲ್ಲ, ಊರಿನ ದೋಷ.

ಎರಡನೆಯದು ಆಮಶಂಕೆ. ಹೊಲಸು ನೀರು, ತೊಳೆಯದ ಕೈ, ನೊಣ ಕುಳಿತ ಆಹಾರದ ಮೂಲಕ ಅಮೀಬಾ ಅಥವಾ ಬ್ಯಾಕ್ಟೀರಿಯಾ ಒಳಸೇರಿ ಕರುಳಿನಲ್ಲಿ ಹುಣ್ಣು ಮಾಡುತ್ತವೆ. ರಕ್ತ, ಆಮ ಬೀಳುತ್ತದೆ. ಸರಿಯಾದ ಔಷಧಿಯಿಂದ ಗುಣವಾಗುತ್ತದೆ. ಜಾತ್ರೆಯಲ್ಲಿ, ದಾಸೋಹದಲ್ಲಿ ನೀರಿನ ಟಾಕಿ ತೊಳೆಯುವವರು, ಬಡಿಸುವ ಮುನ್ನ ಕೈಗೆ ಸಾಬೂನು ಹಚ್ಚುವವರು ವೈದ್ಯರಿಗಿಂತ ಹೆಚ್ಚು ಜನರನ್ನು ಕಾಪಾಡುತ್ತಾರೆ.

ಮೂರನೆಯದು, ಹುಣ್ಣೂ ಗಂಟೂ ಇಲ್ಲದೆ ಕರುಳು ಮುನಿಸಿಕೊಳ್ಳುವ ಐಬಿಎಸ್. ಚಿಂತೆ, ನಿದ್ದೆಗೇಡು ಇದನ್ನು ಹೆಚ್ಚಿಸುತ್ತವೆ. ಹಿಂಸೆ ನಿಜ, ಆದರೆ ಇದು ಪ್ರಾಣಕ್ಕೆ ಎರವಾಗುವುದಿಲ್ಲ, ಇದರಿಂದ ರಕ್ತ ಬೀಳುವುದಿಲ್ಲ. ನಾಲ್ಕನೆಯದು ಅಲ್ಸರೇಟಿವ್ ಕೊಲೈಟಿಸ್. ದೇಹದ ರಕ್ಷಣಾ ಶಕ್ತಿಯೇ ತನ್ನ ಕರುಳಿನ ಮೇಲೆ ತಿರುಗಿ ಬೀಳುವ ರೋಗ. ಹೆಚ್ಚಾಗಿ ಹರೆಯದವರಲ್ಲಿ ಕಾಣಿಸುತ್ತದೆ, ವರ್ಷಗಟ್ಟಲೆ ಔಷಧಿ ಬೇಕು. ‘ಏನು ತಿಂದು ತಂದುಕೊಂಡೆ?’ ಎಂದು ಆ ಮಕ್ಕಳನ್ನು ಬಯ್ಯಬೇಡಿ.

ಐದನೆಯದು ಕ್ಯಾನ್ಸರ್. ಇದರ ಬಗ್ಗೆ ಹೇಳುವ ಮುನ್ನ ನನ್ನ ಮನೆಯ ಮಾತು ಹೇಳಬೇಕು.

ನಮ್ಮ ಅವ್ವ ಜೋಳದ ರೊಟ್ಟಿ, ಕಾಳುಪಲ್ಲೆ ಉಂಡು ಬೆಳೆದವಳು. ಮಾಂಸ ಮುಟ್ಟಿದವಳಲ್ಲ, ತಂಬಾಕು ಹಾಕಿದವಳಲ್ಲ. ಅರವತ್ತೆರಡರಲ್ಲಿ ದಣಿವು ಎಂದಳು. ನಾನು ಕರುಳಿನ ಶಸ್ತ್ರಚಿಕಿತ್ಸಕ. ಫೋನಿನಲ್ಲೇ ರಕ್ತ ಕಡಿಮೆಯಾಗಿದೆ ಎಂದು ಕಬ್ಬಿಣಾಂಶದ ಗುಳಿಗೆ ಹೇಳಿದೆ. ರಕ್ತ ಯಾಕೆ ಕಡಿಮೆಯಾಯಿತು ಎಂದು ಕೇಳಲಿಲ್ಲ. ಎಂಟು ತಿಂಗಳಿಂದ ಅವಳಿಗೆ ಮಲದಲ್ಲಿ ರಕ್ತ ಹೋಗುತ್ತಿತ್ತು. ಮೂಲವ್ಯಾಧಿ ಎಂದುಕೊಂಡು ಊರಲ್ಲಿ ಬೇರಿನ ಔಷಧ ತಗೊಂಡಿದ್ದಳು. ಗೊತ್ತಿದ್ದದ್ದು ನಮ್ಮ ಚಿಕ್ಕಮ್ಮನಿಗೆ ಮಾತ್ರ. ಪರೀಕ್ಷೆ ಮಾಡಿಸುವ ಹೊತ್ತಿಗೆ ಗಂಟು ಯಕೃತ್ತಿಗೆ ಹಬ್ಬಿತ್ತು. ‘ಯಾಕವ್ವಾ ನನಗ ಹೇಳಲಿಲ್ಲ?’ ಎಂದೆ. ‘ಹಡೆದ ಮಗನ ಮುಂದ ಅದನ್ನೆಲ್ಲಾ ಹೆಂಗ ಹೇಳ್ಲೆಪಾ?’ ಎಂದಳು. ಒಂದೂವರೆ ವರ್ಷ ಬದುಕಿದಳು.

ಅವ್ವ ಹೇಳಲಿಲ್ಲ ಎಂಬುದು ಅರ್ಧ ಸತ್ಯ. ನಾನು ಕೇಳಲಿಲ್ಲ ಎಂಬುದು ಇನ್ನರ್ಧ.

ಈ ಕ್ಯಾನ್ಸರ್ ಹೆಚ್ಚಾಗಿ ಪಾಲಿಪ್ ಎಂಬ ಸಣ್ಣ ಗಂಟಿನಿಂದ ಶುರುವಾಗುತ್ತದೆ. ಎಲ್ಲ ಪಾಲಿಪ್ ಕ್ಯಾನ್ಸರ್ ಆಗುವುದಿಲ್ಲ. ಆಗುವಂಥದ್ದಕ್ಕೂ ಸಾಮಾನ್ಯವಾಗಿ ಹತ್ತು ವರ್ಷದಷ್ಟು ಸಮಯ ಬೇಕು. ಅಷ್ಟರೊಳಗೆ ಕೊಲೊನೋಸ್ಕೋಪಿ ಮಾಡಿದರೆ, ನೋಡಿದಾಗಲೇ ತೆಗೆದುಹಾಕಬಹುದು. ಇಷ್ಟು ಕಾಲಾವಕಾಶ ಕೊಡುವ ಕ್ಯಾನ್ಸರ್‌ಗಳು ಕಡಿಮೆ. ಅದನ್ನು ನಾವು ನಾಚಿಕೆಯಲ್ಲಿ ಕಳೆಯುತ್ತೇವೆ.

ಕಾರಣಗಳೇನು? ಐರ್ಲೆಂಡಿನ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ ಉಗಾಂಡಾದಲ್ಲಿ ಬಹುಕಾಲ ಕೆಲಸ ಮಾಡಿದವರು. ನಾರು ಹೆಚ್ಚಾಗಿ ಉಣ್ಣುವ ಅಲ್ಲಿನ ಹಳ್ಳಿಗರಲ್ಲಿ ದೊಡ್ಡ ಕರುಳಿನ ರೋಗಗಳು ಅಪರೂಪ ಎಂಬುದನ್ನು ಅವರು ೧೯೭೦ರ ದಶಕದಲ್ಲಿ ಜಗತ್ತಿನ ಗಮನಕ್ಕೆ ತಂದರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ೨೦೧೫ರಲ್ಲಿ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಇದನ್ನು ಕೇಳಿ ‘ನಾವು ಸಸ್ಯಾಹಾರಿಗಳು, ನಮಗೆ ಭಯವಿಲ್ಲ’ ಎನ್ನಬೇಡಿ. ತಂಬಾಕು, ಸೆರೆ, ಬೊಜ್ಜು, ಕೂತೇ ಇರುವ ಜೀವನ, ವಯಸ್ಸು, ಮನೆತನದಲ್ಲಿ ಬಂದ ರೋಗ, ಇವು ಯಾರನ್ನೂ ಬಿಡುವುದಿಲ್ಲ. ಇವ್ಯಾವೂ ಇಲ್ಲದವರಿಗೂ ಬರಬಹುದು. ನಮ್ಮವ್ವನಿಗೆ ಬಂತು. ಒಳ್ಳೆಯ ಊಟ ಅಪಾಯ ಕಡಿಮೆ ಮಾಡುತ್ತದೆ, ಅಳಿಸುವುದಿಲ್ಲ. ಹಾಗೆಂದು ರೊಟ್ಟಿ ಬಿಟ್ಟು ಮೈದಾಕ್ಕೆ ಹೋಗಬೇಡಿ. ಜೋಳ, ಸಜ್ಜೆ, ಮಡಕಿಕಾಳು, ಸೊಪ್ಪು, ಅಗಸಿ ಹಿಂಡಿ ನಮ್ಮ ಅಡುಗೆಮನೆಯಲ್ಲೇ ಇವೆ.

ನೆನಪಿಡಬೇಕಾದದ್ದು ಇಷ್ಟು. ಮಲದಲ್ಲಿ ರಕ್ತ ಕಂಡರೆ, ಮಲದ ರೂಢಿ ಬದಲಾಗಿ ಮೂರು ನಾಲ್ಕು ವಾರವಾದರೂ ಸರಿಹೋಗದಿದ್ದರೆ, ಕಾರಣವಿಲ್ಲದೆ ತೂಕ ಇಳಿದರೆ, ರಕ್ತಹೀನತೆ ಕಂಡರೆ ವೈದ್ಯರ ಬಳಿ ಹೋಗಿ. ರಕ್ತ ಬಿದ್ದದ್ದೆಲ್ಲ ಕ್ಯಾನ್ಸರ್ ಅಲ್ಲ, ಬಹುಪಾಲು ಮೂಲವ್ಯಾಧಿಯೇ. ಆದರೆ ಅದನ್ನು ನೋಡಿ ಹೇಳಬೇಕು, ಊಹಿಸಿ ಹೇಳಬಾರದು. ತಂದೆ, ತಾಯಿ, ಒಡಹುಟ್ಟಿದವರಿಗೆ ಈ ಕ್ಯಾನ್ಸರ್ ಬಂದಿದ್ದರೆ ತೊಂದರೆ ಇಲ್ಲದಿದ್ದರೂ ನಲವತ್ತರಿಂದಲೇ ಪರೀಕ್ಷೆ ಮಾಡಿಸಿ. ನಾನೂ ಮಾಡಿಸಿಕೊಂಡೆ. ಒಂದು ಪಾಲಿಪ್ ಸಿಕ್ಕಿತು, ತೆಗೆದರು.

ಶಸ್ತ್ರಚಿಕಿತ್ಸೆಯ ನಂತರ ಕೆಲವರು ಹೊಟ್ಟೆಗೆ ಚೀಲ ಹಾಕಿಕೊಂಡು ಬದುಕಬೇಕಾಗುತ್ತದೆ. ಅಂಥವರು ಪಂಕ್ತಿಗೆ ಬರಲು ಅಂಜುತ್ತಾರೆ. ಪಂಚಸೂತಕಗಳನ್ನು ಅಲ್ಲಗಳೆದ ಶರಣರ ದಾರಿಯವರು ನಾವು. ಹೊಟ್ಟೆಯ ರೋಗಕ್ಕೆ ಹೊಸ ಮೈಲಿಗೆ ಹುಟ್ಟಿಸುವುದು ಬೇಡ. ಅವರನ್ನು ಕರೆದು ಪಕ್ಕದಲ್ಲಿ ಕೂಡಿಸಿಕೊಳ್ಳಿ.

ಇಂದು ಮನೆಗೆ ಹೋದ ಮೇಲೆ ನಿಮ್ಮ ಅವ್ವನನ್ನು, ಅಪ್ಪನನ್ನು ಒಂದು ಮಾತು ಕೇಳಿ: ‘ಹೊರಕಡೆ ಸರಿಯಾಗಿ ಆಗತೈತೇನು? ರಕ್ತ ಏನರೆ ಬೀಳತೈತೇನು?’ ಅವರು ಬಯ್ಯಬಹುದು, ನಗಬಹುದು. ಮತ್ತೊಮ್ಮೆ ಕೇಳಿ. ನಾನು ಕೇಳದೆ ಉಳಿದದ್ದು ಅದೊಂದೇ ಪ್ರಶ್ನೆ.