ಹಂಬೋಲ್ಟ್ ಬ್ರಾಂಕೋಸ್: ಒಂದು ಊರು, ಒಂದು ತಂಡ

ಕೆನಡಾದಲ್ಲಿ ಬರಿದೆ ಹಾಕಿ ಎಂದರೆ ಮಂಜುಗಡ್ಡೆಯ ಮೇಲಿನ ಹಾಕಿ. ಭಾರತದವರು ಆಡುವ ಆಟವನ್ನು ಹೆಸರಿಸಬೇಕಾದರೆ ಅಲ್ಲಿ ಮುಂದೆ 'ಫೀಲ್ಡ್' ಎಂಬ ಮಾತನ್ನು ಸೇರಿಸಬೇಕು. ದೇಶದ ಮಧ್ಯಭಾಗದ ಸಾಸ್ಕಾಚೆವಾನ್ ಪ್ರಾಂತ್ಯವಂತೂ ಗೋಧಿಯ ಸೀಮೆ. ವರ್ಷದಲ್ಲಿ ಐದಾರು ತಿಂಗಳು ಹಿಮ ಬೀಳುವ ಆ ಬಯಲಿನ ಸಣ್ಣ ಊರುಗಳಿಗೆ ಐಸ್ ಹಾಕಿಯ ಅಂಗಳವೇ ಅರಳಿಕಟ್ಟೆ. ಜರ್ಮನ್ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್‌ನ ಹೆಸರು ಹೊತ್ತ ಹಂಬೋಲ್ಟ್ ಅಂಥದೊಂದು ಊರು. ಸಾಸ್ಕಟೂನ್ ನಗರದಿಂದ ಪೂರ್ವಕ್ಕೆ ಸುಮಾರು 110 ಕಿ.ಮೀ. ದೂರವಿರುವ ಇದರ ಜನಸಂಖ್ಯೆ ಆರು ಸಾವಿರದ ಆಸುಪಾಸು.

ಈ ಊರಿನ ಜೂನಿಯರ್ ತಂಡ ಬ್ರಾಂಕೋಸ್ ಹುಟ್ಟಿದ್ದು 1970ರಲ್ಲಿ. ಮೇಲಿನ ದರ್ಜೆಯಲ್ಲಿ ಆಡುತ್ತಿದ್ದ ಸ್ವಿಫ್ಟ್ ಕರೆಂಟ್ ಊರಿನ ಬ್ರಾಂಕೋಸ್‌ಗೆ ಹುಡುಗರನ್ನು ತಯಾರು ಮಾಡಿಕೊಡುವ ಕಿರಿಯ ತಂಡವಾಗಿ ಅದು ಆರಂಭವಾಯಿತು. ಹೆಸರು ಬಂದದ್ದೂ ಅಲ್ಲಿಂದಲೇ. ಇದಕ್ಕೆ ಶ್ರೀಮಂತ ಒಡೆಯನಿಲ್ಲ, ಊರೇ ಒಡೆಯ. ಆಡುವವರು 16ರಿಂದ 20ರ ವಯಸ್ಸಿನವರು, ಸಂಬಳವಿಲ್ಲದವರು, ಹೆಚ್ಚಿನವರು ದೂರದ ಊರುಗಳಿಂದ ಬಂದವರು. ಅವರು ಉಳಿದುಕೊಳ್ಳುವುದು ಹಾಸ್ಟೆಲಿನಲ್ಲಲ್ಲ, ಸ್ಥಳೀಯರ ಮನೆಗಳಲ್ಲಿ. ಹಿಂದೆ ಹಳ್ಳಿಯ ಹುಡುಗರು ಪಟ್ಟಣದಲ್ಲಿ ವಾರಾನ್ನ ಮಾಡಿ ಓದುತ್ತಿದ್ದುದನ್ನು ಬಲ್ಲವರಿಗೆ ಈ ಪದ್ಧತಿ ಬೇಗ ಅರ್ಥವಾದೀತು. ವ್ಯತ್ಯಾಸವೆಂದರೆ ಇಲ್ಲಿ ದಿನಕ್ಕೊಂದು ಮನೆಯಲ್ಲ, ಇಡೀ ಋತುವಿಗೆ ಒಂದೇ ಮನೆ, ಒಬ್ಬಳೇ ಸಾಕುತಾಯಿ.

2003 ಮತ್ತು 2008ರಲ್ಲಿ ಈ ತಂಡ ತನ್ನ ದರ್ಜೆಯ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಇಷ್ಟು ಚಿಕ್ಕ ಊರಿಗೆ ಅದು ಸಾಮಾನ್ಯ ಸಾಧನೆಯಲ್ಲ. ಆದರೆ ಜಗತ್ತು ಹಂಬೋಲ್ಟ್‌ನ ಹೆಸರು ಕೇಳಿದ್ದು ಪ್ರಶಸ್ತಿಯಿಂದಲ್ಲ.

ಈ ಆಟದ ಇನ್ನೊಂದು ಮುಖ ಬಸ್ಸು. ಊರಿಂದೂರಿಗೆ ನೂರಾರು ಕಿ.ಮೀ. ದೂರ, ಆಟಗಾರರ ಚಳಿಗಾಲದ ಅರ್ಧ ಭಾಗ ಕಳೆಯುವುದು ಬಸ್ಸಿನ ಕಿಟಕಿಯ ಪಕ್ಕದಲ್ಲಿ. 1986ರ ಡಿಸೆಂಬರ್ 30ರಂದು ಸ್ವಿಫ್ಟ್ ಕರೆಂಟ್ ತಂಡದ ಬಸ್ಸು ಜಾರುವ ರಸ್ತೆಯಲ್ಲಿ ಉರುಳಿ ನಾಲ್ವರು ಆಟಗಾರರು ಸತ್ತಿದ್ದರು. ಆ ತಂಡ 1989ರಲ್ಲಿ ಮೆಮೋರಿಯಲ್ ಕಪ್ ಗೆದ್ದಿತು. ಮೂವತ್ತೊಂದು ವರ್ಷಗಳ ನಂತರ ಅದೇ ಹೆಸರಿನ ಕಿರಿಯ ತಂಡಕ್ಕೆ ಅದಕ್ಕಿಂತ ದೊಡ್ಡ ಹೊಡೆತ ಕಾದಿತ್ತು.

2018ರ ಏಪ್ರಿಲ್ 6. ಹಂಬೋಲ್ಟ್ ತಂಡ ಪ್ಲೇಆಫ್ ಪಂದ್ಯಕ್ಕಾಗಿ ನಿಪವಿನ್ ಊರಿಗೆ ಹೊರಟಿತ್ತು. ಬಸ್ಸಿನಲ್ಲಿ 29 ಜನ. ನಿಪವಿನ್ ಇನ್ನು ಸುಮಾರು 30 ಕಿ.ಮೀ. ಇರುವಾಗ 35 ಮತ್ತು 335ನೇ ಹೆದ್ದಾರಿಗಳು ಕೂಡುವಲ್ಲಿ, ಎರಡು ಟ್ರೇಲರ್ ಎಳೆಯುತ್ತಿದ್ದ ಲಾರಿಯೊಂದು ನಿಲುಗಡೆಯ ಫಲಕವನ್ನು ದಾಟಿ ನುಗ್ಗಿತು. ಹದಿನಾರು ಮಂದಿ ಪ್ರಾಣ ಕಳೆದುಕೊಂಡರು: ಹತ್ತು ಆಟಗಾರರು, ಇಬ್ಬರು ತರಬೇತುದಾರರು, ಬಸ್ಸಿನ ಚಾಲಕ, ಗಾಯಾಳುಗಳನ್ನು ನೋಡಿಕೊಳ್ಳುತ್ತಿದ್ದ ತರುಣಿ, ರೇಡಿಯೋ ವೀಕ್ಷಕ ವಿವರಣೆಕಾರ, ಅಂಕಿಅಂಶ ಬರೆಯುತ್ತಿದ್ದ ಹದಿನೆಂಟರ ಹುಡುಗ. ಪ್ಲೇಆಫ್‌ನ ಹುರುಪಿಗೆ ಹುಡುಗರೆಲ್ಲ ಕೂದಲಿಗೆ ಒಂದೇ ಹೊಂಬಣ್ಣ ಬಳಿದುಕೊಂಡಿದ್ದರು. ಗುರುತು ಹಿಡಿಯುವುದೇ ಕಷ್ಟವಾಗಿ ಇಬ್ಬರ ಹೆಸರು ಅದಲುಬದಲಾಯಿತು. ಸತ್ತನೆಂದು ಅತ್ತಿದ್ದ ಒಂದು ಮನೆಗೆ ಮೂರನೆಯ ದಿನ ಮಗ ಬದುಕಿರುವ ಸುದ್ದಿ ಬಂದರೆ, ಇನ್ನೊಂದು ಮನೆಗೆ ಅದೇ ಸುದ್ದಿ ಸಾವಾಗಿ ತಲುಪಿತು.

ದೇಶದುದ್ದಕ್ಕೂ ಜನ ರಾತ್ರಿ ಬಾಗಿಲ ಹೊರಗೆ ಹಾಕಿ ಕೋಲು ಇಟ್ಟು ದೀಪ ಉರಿಸಿದರು. ಒಂದೂವರೆ ಕೋಟಿ ಡಾಲರಿಗೂ ಮಿಕ್ಕಿ ನೆರವು ಹರಿದುಬಂತು. ಸತ್ತವರಲ್ಲಿ ಇಪ್ಪತ್ತೊಂದರ ಒಬ್ಬ ರಕ್ಷಣಾ ಆಟಗಾರ ಅಂಗದಾನ ಮಾಡುವ ತನ್ನ ಇಚ್ಛೆಯನ್ನು ಮನೆಯವರಿಗೆ ತಿಳಿಸಿದ್ದ. ಅವನ ಅಂಗಗಳು ಆರು ಮಂದಿಗೆ ದೊರೆತವು. ಆ ಸುದ್ದಿ ಕೇಳಿ ಲಕ್ಷಾಂತರ ಜನ ಅಂಗದಾನಕ್ಕೆ ಹೆಸರು ಬರೆಸಿದರು. ಏಪ್ರಿಲ್ 7 ಈಗ ಅಲ್ಲಿ ಹಸಿರು ಅಂಗಿಯ ದಿನ.

ಲಾರಿ ಓಡಿಸುತ್ತಿದ್ದವನು ಪಂಜಾಬಿನಿಂದ ವಲಸೆ ಹೋಗಿದ್ದ ತರುಣ. ಕೆಲಸಕ್ಕೆ ಸೇರಿ ಕೆಲವೇ ವಾರಗಳಾಗಿದ್ದವು. ಸರಕಿನ ಟಾರ್ಪಾಲು ಗಾಳಿಗೆ ಬಡಿದುಕೊಳ್ಳುತ್ತಿದ್ದ ಕಡೆ ಅವನ ಗಮನ ಹೋಗಿತ್ತು. ಎದುರಿಗೆ ಬಂದ ನಾಲ್ಕು ಎಚ್ಚರಿಕೆ ಫಲಕಗಳೂ ಅವನ ಕಣ್ಣಿಗೆ ಬೀಳಲಿಲ್ಲ. ಅವನು ವಾದ ಹೂಡಲಿಲ್ಲ. 29 ಆರೋಪಗಳನ್ನೂ ಒಪ್ಪಿಕೊಂಡ. 2019ರ ಮಾರ್ಚಿನಲ್ಲಿ ಎಂಟು ವರ್ಷ ಸೆರೆಯಾಯಿತು. ದಿನಚರಿ ಪುಸ್ತಕದ ನಿಯಮಗಳನ್ನು ಪಾಲಿಸದ ಲಾರಿ ಮಾಲೀಕನಿಗೆ ಬಿದ್ದದ್ದು ಐದು ಸಾವಿರ ಡಾಲರ್ ದಂಡ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದವರಿಗೆ ಕಸಿವಿಸಿಯಾದರೆ ಆಶ್ಚರ್ಯವಿಲ್ಲ. ಭಾರಿ ಲಾರಿ ಓಡಿಸುವವರಿಗೆ ನಿಗದಿತ ತರಬೇತಿ ಸಾಸ್ಕಾಚೆವಾನಿನಲ್ಲಿ ಕಡ್ಡಾಯವಾದದ್ದೂ 2019ರಲ್ಲಿಯೇ, ಅಂದರೆ ದುರಂತದ ನಂತರ. 2024ರ ಮೇ ತಿಂಗಳಲ್ಲಿ ಚಾಲಕನನ್ನು ಗಡಿಪಾರು ಮಾಡಬೇಕೆಂಬ ಆದೇಶ ಹೊರಬಿತ್ತು. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಯರಲ್ಲಿ ಅವನನ್ನು ಕ್ಷಮಿಸಿ ಅಪ್ಪಿಕೊಂಡವರೂ ಉಂಟು, ಅವನು ದೇಶ ಬಿಟ್ಟು ಹೋಗಲೇಬೇಕು ಎಂದವರೂ ಉಂಟು. ಯಾರ ಮಾತನ್ನೂ ತಪ್ಪೆನ್ನುವ ಅಧಿಕಾರ ಹೊರಗಿನವರಿಗಿಲ್ಲ.

ತಂಡ ಮುಚ್ಚಲಿಲ್ಲ. ದುರಂತ ನಡೆದ ಐದು ತಿಂಗಳಿಗೆ, 2018ರ ಸೆಪ್ಟೆಂಬರ್ 12ರಂದು, ತವರಿನ ಅಂಗಳದಲ್ಲಿ ಬ್ರಾಂಕೋಸ್ ಮತ್ತೆ ಆಡಿತು. ಬದುಕುಳಿದ ಹಳೆಯ ಆಟಗಾರರಲ್ಲಿ ಇಬ್ಬರು ಮಾತ್ರ ತಂಡದಲ್ಲಿದ್ದರು. ಮಿಕ್ಕವರೆಲ್ಲ ಹೊಸ ಹುಡುಗರು. ಎದುರಾಳಿ ಅದೇ ನಿಪವಿನ್. ಹಂಬೋಲ್ಟ್ 1–2ರಿಂದ ಸೋತಿತು.